ಸೆರೆಯಾಳಿನ ನಾಲ್ಕನೆಯ ಸುರುಳಿ

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಅಂಗಡಿಗೆ ಬರುವವರು ಹೆಚ್ಚಾಗಿ ಊರ ಕಡೆಯವರು. ಮದುವೆಯ ಹಳೆಯ ವಿಡಿಯೊ ಕ್ಯಾಸೆಟ್ಟು, ತೀರಿಹೋದ ತಾಯಿ ಕಾಗದದ ಬದಲು ಮಾತಾಡಿ ಕಳಿಸಿದ್ದ ಆಡಿಯೊ ಕ್ಯಾಸೆಟ್ಟು ತರುತ್ತಾರೆ. ನಾನು ಅವನ್ನು ಪೆನ್‌ಡ್ರೈವಿಗೆ ಇಳಿಸಿ ಕೊಡುತ್ತೇನೆ. ಹಾಗಾಗಿ ಎಪ್ಪತ್ತರ ಹತ್ತಿರದ ಆ ಆಸ್ಟ್ರೇಲಿಯದ ಹೆಂಗಸು ನಾಲ್ಕು ಚಪ್ಪಟೆ ಪೆಟ್ಟಿಗೆಗಳನ್ನು ಕೌಂಟರಿನ ಮೇಲಿಟ್ಟು ಮುಚ್ಚಳ ತೆಗೆದಾಗ, ಇದು ನಮ್ಮಲ್ಲಿ ಆಗುವುದಿಲ್ಲ ಎಂದುಬಿಟ್ಟೆ. ಒಳಗಿದ್ದವು ದೊಡ್ಡ ಸುರುಳಿ ಟೇಪುಗಳು. ಕಾಲು ಅಂಗುಲ ಅಗಲ, ನಲವತ್ತು ವರ್ಷ ಹಳೆಯವು.

ದುಬೈಯಲ್ಲಿ ಮೂರು ಕಡೆ ಕೇಳಿ ಬಂದಿದ್ದೇನೆ ಎಂದರು ಅವರು. ಕುರ್ಚಿ ಕೊಟ್ಟೆ. ಕೂತು ಹೇಳಿದರು.

ಅವರ ಅಪ್ಪ ಎರಡನೆಯ ಮಹಾಯುದ್ಧದಲ್ಲಿ ಸೈನಿಕರಾಗಿದ್ದವರು, ಮೂರು ವರ್ಷ ಶತ್ರುವಿನ ಸೆರೆಯಲ್ಲಿದ್ದವರು. ಅಪ್ಪನೂ ಅವರ ಜೀವದ ಗೆಳೆಯನೂ ಒಂದೇ ದಿನ ಸೈನ್ಯಕ್ಕೆ ಸೇರಿದ್ದರು, ಒಂದೇ ದಿನ ಸೆರೆಸಿಕ್ಕಿದ್ದರು. ತಿರುಗಿ ಬಂದದ್ದು ಅಪ್ಪ ಒಬ್ಬರೇ. ಬಂದು ಆ ಗೆಳೆಯನ ತಂಗಿಯನ್ನು ಮದುವೆಯಾದರು. ಅವಳೇ ಈ ಹೆಂಗಸಿನ ತಾಯಿ. ಅಣ್ಣ ಸತ್ತದ್ದು ಹೇಗೆ, ಸಾಯುವಾಗ ಜೊತೆಗೆ ಯಾರಾದರೂ ಇದ್ದರೇ ಎಂದು ಮದುವೆಯಾದ ಹೊಸತರಲ್ಲಿ ತಾಯಿ ಒಮ್ಮೆ ಕೇಳಿದ್ದಳಂತೆ. ಅಪ್ಪ ಊಟದ ಮೇಜಿನಿಂದ ಎದ್ದು ಹಿತ್ತಲ ಶೆಡ್ಡಿಗೆ ಹೋಗಿ ಕೂತರು. ಮತ್ತೆ ಅವಳು ಕೇಳಲಿಲ್ಲ. ಸಾಯುವ ವರ್ಷ ಅದೇ ಶೆಡ್ಡಿನಲ್ಲಿ ಒಬ್ಬರೇ ಕೂತು ಈ ನಾಲ್ಕು ಸುರುಳಿಗಳಲ್ಲಿ ಎಲ್ಲವನ್ನೂ ಮಾತಾಡಿ, ನಂಬರು ಬರೆದು, ಹೆಂಡತಿಯ ಹೆಸರು ಬರೆದು ಇಟ್ಟರು. ತಾಯಿ ಕೇಳಲಿಲ್ಲ, ಹಾಗೆಯೇ ಎತ್ತಿ ಮಗಳ ಕೈಗೆ ಕೊಟ್ಟಳು. ಮಗಳು ಗಂಡನ ಕೆಲಸಕ್ಕಾಗಿ ಈ ದೇಶಕ್ಕೆ ಬಂದು, ಮನೆಯಿಂದ ಮನೆಗೆ ಸಾಗಿಸುತ್ತಾ ಸ್ಟೋರ್‌ರೂಮುಗಳಲ್ಲಿ ಇಟ್ಟುಕೊಂಡು ಬಂದರು.

‘ಆಸ್ಟ್ರೇಲಿಯದಲ್ಲಿರುವ ಅಮ್ಮನಿಗೆ ಈಗ ತೊಂಬತ್ತಾರು. ಈಗ ಕೇಳ್ತೇನೆ ಅಂತಾಳೆ’ ಎಂದರು. ‘ಡಾಕ್ಟರು ಹೆಚ್ಚು ದಿನ ಕೊಟ್ಟಿಲ್ಲ.’

ನಾನು ಒಪ್ಪಿಕೊಂಡೆ. ನಮ್ಮೂರು ಶಿರ್ವದಲ್ಲಿ ನನ್ನ ಅಪ್ಪನ ಮೈಕ್‌ ಸೆಟ್ಟಿನ ಅಂಗಡಿಯಲ್ಲಿ ಇಂಥ ಟೇಪುಗಳ ನಡುವೆಯೇ ಬೆಳೆದವಳು ನಾನು. ಇಲ್ಲಿನ ಅಂಗಡಿಯ ಒಳಕೋಣೆಯಲ್ಲಿ ಒಂದು ಸುರುಳಿ ಯಂತ್ರವೂ ಇತ್ತು. ಅಂಗಡಿ ಮಾಲೀಕರಾದ ನಮ್ಮ ಸಾಹೇಬರು, ಬಂಟ್ವಾಳ ಕಡೆಯ ಬ್ಯಾರಿಗಳು, ಮುಚ್ಚಿಹೋದ ಒಂದು ಸ್ಟುಡಿಯೊದಿಂದ ಅದನ್ನು ಎತ್ತಿಕೊಂಡು ಬಂದಿದ್ದರು. ಆದರೆ ಟೇಪನ್ನು ಒತ್ತಿ ಹಿಡಿದು ಎಳೆಯುವ ರಬ್ಬರ್ ರೋಲರು ಕರಗಿ ಬೆಲ್ಲದ ಪಾಕದಂತಾಗಿತ್ತು. ಅದನ್ನು ಕಳಚಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ದುಬೈಗೆ ಹೋದೆ. ರಾಸ್ ಅಲ್ ಖೋರ್‌ನಲ್ಲಿ ಪ್ರಿಂಟಿಂಗ್ ಮಷೀನಿನ ರೋಲರುಗಳಿಗೆ ಹೊಸ ರಬ್ಬರು ಹಾಕುವ ಒಬ್ಬ ಪಠಾಣನಿದ್ದ. ಇಷ್ಟು ಚಿಕ್ಕದನ್ನು ಮಾಡಿಲ್ಲ ಎಂದ. ಮೊದಲು ಮಾಡಿದ್ದು ಗಟ್ಟಿಯಾಯಿತು, ಟೇಪು ಜಾರಿತು. ಮತ್ತೆ ಹೋದೆ. ಎರಡನೆಯದು ಸರಿಯಾಗಿ ಕೂತಿತು.

ಒಂದನೆಯ ಸುರುಳಿ ಹಾಕಿದಾಗ ಒಂದೇ ಒಂದು ನಿಮಿಷ ತಿರುಗಿ ಕಿರುಚಿ ನಿಂತಿತು. ಯಂತ್ರದಲ್ಲಿ ಟೇಪನ್ನು ಓದುವ ಹೆಡ್ಡಿನ ಮೇಲೆ ಕಂದು ಅಂಟು. ಇಲ್ಲಿನ ಸೆಖೆಯ ಹಸಿಗಾಳಿಗೆ ಟೇಪಿನ ಲೇಪ ತೇವ ಕುಡಿದು ಅಂಟಾಗಿಬಿಟ್ಟಿರುತ್ತದೆ. ಅದಕ್ಕೆ ಒಂದು ಉಪಾಯವಿದೆ. ಹಣ್ಣು ಒಣಗಿಸುವ ವಿದ್ಯುತ್ ಪೆಟ್ಟಿಗೆಯಲ್ಲಿ ಟೇಪನ್ನಿಟ್ಟು ಐವತ್ತನಾಲ್ಕು ಡಿಗ್ರಿಯಲ್ಲಿ ಎಂಟು ಗಂಟೆ ಕಾಯಿಸಬೇಕು, ಎರಡೆರಡು ಗಂಟೆಗೊಮ್ಮೆ ಮಗುಚಬೇಕು. ಆಮೇಲೆ ಕೆಲವು ವಾರ ಅದು ಹೊಸತರಂತೆ ಓಡುತ್ತದೆ.

ಆದರೆ ಎಲ್ಲ ಟೇಪುಗಳನ್ನೂ ಹೀಗೆ ಕಾಯಿಸುವಂತಿಲ್ಲ. ಹಳೆಯ ಕಾಲದ ಇನ್ನೊಂದು ಬಗೆಯ ಟೇಪಿದೆ, ಅಸಿಟೇಟ್ ಎನ್ನುತ್ತಾರೆ. ಅದಕ್ಕೆ ಶಾಖ ತಾಗಿದರೆ ಒಣಗಿದ ಎಲೆಯಂತೆ ಸುರುಟಿ ಮುರಿಯುತ್ತದೆ. ಗುರುತಿಸುವುದು ಸುಲಭ. ಸುರುಳಿಯನ್ನು ದೀಪಕ್ಕೆ ಹಿಡಿದರೆ ಸಾಕು. ಬೆಳಕು ದಾಟಿದರೆ ಅಸಿಟೇಟ್, ದಾಟದಿದ್ದರೆ ಕಾಯಿಸಬಹುದು. ಒಂದನೆಯದನ್ನು ಹಿಡಿದು ನೋಡಿದೆ. ಎರಡನೆಯದನ್ನು, ಮೂರನೆಯದನ್ನೂ ನೋಡಿದೆ. ಬೆಳಕು ದಾಟಲಿಲ್ಲ.

ದಿನಕ್ಕೊಂದರಂತೆ ಕಾಯಿಸಿ, ಮರುದಿನ ಹೆಡ್‌ಫೋನು ಹಾಕಿಕೊಂಡು ಕಂಪ್ಯೂಟರಿಗೆ ಇಳಿಸಿದೆ. ನಮ್ಮ ಕೆಲಸದಲ್ಲಿ ಶಬ್ದದ ಮಟ್ಟ ನೋಡುತ್ತೇವೆಯೇ ಹೊರತು ಮಾತನ್ನು ಕೇಳುವುದಿಲ್ಲ. ಈ ಸಲ ಕೇಳಿದೆ.

ಆ ಮನುಷ್ಯ ಅವಸರವಿಲ್ಲದೆ, ಲೆಕ್ಕ ಒಪ್ಪಿಸುವವರಂತೆ ಮಾತಾಡುತ್ತಿದ್ದರು. ಬೇಲಿ ಹಾಕುವ ಕೆಲಸ ಮಾಡಿಕೊಂಡಿದ್ದ ಇಬ್ಬರು ಹುಡುಗರು ಸೈನ್ಯ ಸೇರಿ ಈಜಿಪ್ಟಿನ ಮರುಭೂಮಿಗೆ ಬಂದರು. ಒಂದು ರಾತ್ರಿ ಅವರ ತುಕಡಿ ಒಂದು ದಿಬ್ಬವನ್ನು ಹಿಡಿಯಿತು. ಬೆಳಕು ಹರಿಯುವಾಗ ಮೂರು ಕಡೆಯೂ ಶತ್ರುವಿನ ಟ್ಯಾಂಕುಗಳು. ಕೈ ಎತ್ತಿದರು. ಬಿಸಿಲಲ್ಲಿ ಎರಡು ದಿನ ನಡೆಸಿದರು, ನೀರು ಕೊಡಲಿಲ್ಲ. ಸಮುದ್ರದ ಹತ್ತಿರ ಮುಳ್ಳುತಂತಿಯ ಆವರಣವೊಂದರಲ್ಲಿ ಕೂಡಿಹಾಕಿದರು. ಅಲ್ಲಿ ಗೆಳೆಯ ತನ್ನ ಕೈಗಡಿಯಾರವನ್ನು ಕಾವಲಿನವನಿಗೆ ಕೊಟ್ಟು ಒಂದು ಬಾಟಲಿ ನೀರು ತಂದು, ಮೊದಲ ಗುಟುಕನ್ನು ಇವರಿಗೆ ಕೊಟ್ಟ. ‘ಅವನು ಕುಡಿಯುವುದನ್ನು ನಾನು ನೋಡಲಿಲ್ಲ. ಬಾಟಲಿ ಖಾಲಿಯಾದ ಮೇಲೆಯೇ ಅವನ ನೆನಪಾದದ್ದು’ ಎಂದರು.

ಎರಡನೆಯ ಸುರುಳಿಯಲ್ಲಿ ಹಡಗಿನ ತಳದಲ್ಲಿ ತುಂಬಿ ಅವರನ್ನು ಇಟಲಿಗೆ ಒಯ್ದದ್ದು. ಮರುವರ್ಷ ಉತ್ತರದ ಭತ್ತದ ಗದ್ದೆಗಳಿಗೆ ಕೆಲಸಕ್ಕೆ ಕಳಿಸಿದರು. ಇಟಲಿಯಲ್ಲಿ ಭತ್ತ ಬೆಳೆಯುತ್ತಾರೆಂದು ನನಗೆ ಗೊತ್ತಿರಲಿಲ್ಲ. ಮೊಣಕಾಲುದ್ದದ ನೀರಲ್ಲಿ ಬಗ್ಗಿ ಕಳೆ ಕೀಳಬೇಕು. ಸಂಜೆಗೆ ಬೆನ್ನು ನೆಟ್ಟಗಾಗುವುದಿಲ್ಲ, ಬೆರಳ ಸಂದುಗಳು ಕೊಳೆಯುತ್ತವೆ. ಹುಡುಗಿಯಾಗಿದ್ದಾಗ ನಾನೂ ಗದ್ದೆಯಲ್ಲಿ ಭತ್ತದ ನೇಜಿ ನೆಡಲು ಹೋದವಳು. ಆ ಮಾತು ಕೇಳುವಾಗ ಕುರ್ಚಿಯಲ್ಲಿ ಕೂತೇ ಸೊಂಟದ ಮೇಲೆ ಕೈಯಿಟ್ಟುಕೊಂಡಿದ್ದೆ. ಗೆಳೆಯ ಕಾಲಿಗೆ ಹತ್ತಿದ ಜಿಗಣೆಗಳಿಗೆಲ್ಲ ತಮ್ಮ ಮೇಲಧಿಕಾರಿಗಳ ಹೆಸರಿಟ್ಟು, ಒಂದೊಂದಕ್ಕೂ ಸೆಲ್ಯೂಟು ಹೊಡೆದು ಕಿತ್ತೆಸೆಯುತ್ತಿದ್ದನಂತೆ. ಅದನ್ನು ಹೇಳುವಾಗ ಮಾತ್ರ ಅವರು ನಕ್ಕರು.

ಮೂರನೆಯ ಸುರುಳಿಯಲ್ಲಿ ಇಟಲಿ ಸೋತಿತು. ಒಂದು ಬೆಳಿಗ್ಗೆ ಕಾವಲಿನವರು ಗೇಟು ತೆರೆದಿಟ್ಟು ಓಡಿಹೋಗಿದ್ದರು. ಒಬ್ಬ ರೈತ ಹೆಂಗಸು ಐದು ವಾರ ಇವರನ್ನು ದನದ ಕೊಟ್ಟಿಗೆಯ ಅಟ್ಟದಲ್ಲಿ ಅಡಗಿಸಿ ಜೋಳದ ಗಂಜಿ ಕೊಟ್ಟಳು. ಬೆಟ್ಟ ದಾಟಿದರೆ ಯುದ್ಧವಿಲ್ಲದ ದೇಶ. ದಾರಿ ತೋರಿಸುವವನ ಹಿಂದೆ ಐದು ಮಂದಿ ಹೊರಟರು. ಮೇಲೆ ಹತ್ತುವಾಗ ಗೆಳೆಯನ ಪಾದ ಉಳುಕಿತು. ನಡೆಯಬಲ್ಲವರು ಮಾತ್ರ ಬನ್ನಿ ಎಂದ ದಾರಿಯವನು. ಮೂವರು ಹೋದರು. ಇವರು ಗೆಳೆಯನ ಜೊತೆ ಉಳಿದರು. ಎರಡು ದಿನಗಳ ನಂತರ ಕುರುಬರ ಗುಡಿಸಲಿನಲ್ಲಿ ಇಬ್ಬರೂ ಜರ್ಮನರ ಕೈಗೆ ಸಿಕ್ಕರು. ‘ಅವನ ತಂಗಿಗೆ ನಾನು ಕಾಗದ ಬರೆಯುತ್ತಿದ್ದೆ. ಅವನನ್ನು ಅಲ್ಲಿ ಬಿಟ್ಟು ಹೋಗಿದ್ದರೆ ಮುಂದಿನ ಕಾಗದದಲ್ಲಿ ಏನು ಬರೆಯಲಿ?’ ಎಂದರು.

ಆಮೇಲೆ ಜರ್ಮನಿಯಲ್ಲಿ ಕಲ್ಲು ಒಡೆಯುವ ಕೆಲಸ, ಗಡ್ಡೆಯ ನೀರುಸಾರು, ಎರಡು ಚಳಿಗಾಲ. ಎರಡನೆಯ ಚಳಿಗಾಲದಲ್ಲಿ ಪೂರ್ವದಿಂದ ರಷ್ಯನ್ನರ ಫಿರಂಗಿಯ ಸದ್ದು ಕೇಳತೊಡಗಿತು. ಸೆರೆಯಾಳುಗಳನ್ನೆಲ್ಲ ಪಶ್ಚಿಮಕ್ಕೆ ನಡೆಸಿಕೊಂಡು ಹೋಗಬೇಕೆಂದು ಆಜ್ಞೆ ಬಂತು. ‘ಮರುದಿನ ಬೆಳಿಗ್ಗೆ ನಮ್ಮನ್ನು ರಸ್ತೆಗೆ ಹೊರಡಿಸಿದರು. ಹಿಮ ಬೀಳುತ್ತಿತ್ತು. ತಡೆ, ಸುರುಳಿ ಮುಗಿಯಿತು.’

ನಾನು ಹೆಡ್‌ಫೋನು ತೆಗೆದೆ. ಮುಂದಿನದು ತಿಳಿಯಲು ನನಗೆ ಎಷ್ಟು ಆತುರವಾಗಿತ್ತೆಂದರೆ, ಮಾರನೆಯ ದಿನ ಬನಿಯಾಸ್‌ನ ನನ್ನ ಕೋಣೆಯಿಂದ ಎಂದಿಗಿಂತ ಒಂದು ಬಸ್ಸು ಮೊದಲೇ ಹೊರಟೆ. ಅಂಗಡಿಯ ಬಾಗಿಲು ತೆಗೆದವಳೇ ನಾಲ್ಕನೆಯ ಪೆಟ್ಟಿಗೆ ಬಿಚ್ಚಿ, ಸುರುಳಿಯನ್ನು ಒಣಗಿಸುವ ಪೆಟ್ಟಿಗೆಗೆ ಇಟ್ಟು ಸ್ವಿಚ್ಚು ಒತ್ತಿದೆ. ಅದೇ ಕಂಪೆನಿಯ ಪೆಟ್ಟಿಗೆ, ಅದೇ ಕೈಬರಹ. ದೀಪಕ್ಕೆ ಹಿಡಿದು ನೋಡಲಿಲ್ಲ.

ಎರಡು ಗಂಟೆಗೊಮ್ಮೆ ಮಗುಚಲು ಮುಚ್ಚಳ ತೆಗೆಯಬೇಕಿತ್ತು. ಮೊದಲ ಸಲ ಏನೋ ಹುಳಿ ವಾಸನೆ ಬಂದಂತಾಯಿತು. ಸಾಹೇಬರ ಬುತ್ತಿಯ ಉಪ್ಪಿನಕಾಯಿ ಇರಬೇಕು ಎಂದುಕೊಂಡೆ. ಎರಡನೆಯ ಸಲ ಮುಚ್ಚಳ ತೆಗೆದಾಗ ವಿನೆಗರಿನ ವಾಸನೆ ಮೂಗಿಗೆ ಹೊಡೆಯಿತು. ಆಗ ಗೊತ್ತಾಯಿತು. ಅಸಿಟೇಟ್ ಕೆಡುವಾಗ ಬರುವ ವಾಸನೆ ಅದು. ಸುರುಳಿಯನ್ನು ಹೊರತೆಗೆದು ಕಿಟಕಿಗೆ ಹಿಡಿದೆ. ಬೆಳಕು ದಾಟಿ ಬಂತು. ಶೆಡ್ಡಿನಲ್ಲಿ ಹೊಸ ಟೇಪು ಮುಗಿದು, ಆ ಮನುಷ್ಯ ಯಾವುದೋ ಹಳೆಯ ಟೇಪಿನಲ್ಲಿ ಕೊನೆಯ ಭಾಗವನ್ನು ಮಾತಾಡಿದ್ದಿರಬೇಕು. ಅಂಚುಗಳು ಆಗಲೇ ಹಪ್ಪಳದಂತೆ ಅಲೆಅಲೆಯಾಗಿ ಎದ್ದಿದ್ದವು. ತುದಿಯನ್ನು ಬೆರಳಿನಿಂದ ಬಿಡಿಸಿದೆ. ಅದು ಮುರಿಯಿತು.

ಒಣಗಿಸುವ ಪೆಟ್ಟಿಗೆಯ ಸ್ವಿಚ್ಚು ಆರಿಸಿದೆ. ಇಪ್ಪತ್ತು ವರ್ಷಗಳಲ್ಲಿ ನನ್ನ ಕೈಯಲ್ಲಿ ಕ್ಯಾಸೆಟ್ಟು ಸಿಕ್ಕಿಹಾಕಿಕೊಂಡದ್ದಿದೆ, ಹರಿದದ್ದಿದೆ. ನಾನೇ ಸುಟ್ಟದ್ದಿರಲಿಲ್ಲ.

ಸಾಹೇಬರಿಗೆ ಹೇಳಿದೆ. ಅವರು ಊಟ ಬಿಟ್ಟು ಬಂದು ನೋಡಿದರು. ಬೈಯಲಿಲ್ಲ.

‘ನಲವತ್ತು ವರ್ಷದ ಟೇಪು ಮಾರಾಯ್ತಿ’ ಎಂದರು. ‘ಬರುವಾಗಲೇ ಹೀಗೆ ಇತ್ತು ಅಂತ ಹೇಳಿದ್ರೆ ಆಯ್ತು. ಅವರಿಗೆ ಎಂತ ಗೊತ್ತಾಗ್ತದೆ? ಖಲಾಸ್.’

‘ಹೀಗೆ ಇರ್ಲಿಲ್ಲ ಸಾರ್.’

‘ಇರ್ಲಿಲ್ಲ, ಸರಿ. ಹೇಳಿದ್ರೆ ಅದು ಸರಿಯಾಗ್ತದಾ? ಅವರಿಗೂ ಬೇಜಾರು, ಅಂಗಡಿಗೂ ಹೆಸರು ಹೋಗ್ತದೆ.’

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಮೂರು ಸುರುಳಿ ಚೆನ್ನಾಗಿ ಬಂದಿವೆ, ನಾಲ್ಕನೆಯದು ಕಾಲದಿಂದ ಕೆಟ್ಟಿದೆ ಎಂದರೆ ಯಾರಾದರೂ ನಂಬುತ್ತಿದ್ದರು. ಆದರೆ ಒಂದು ವಿಷಯ ಬಾಕಿ ಇತ್ತು. ವಿದೇಶದಲ್ಲಿ ಇಂಥ ಟೇಪುಗಳನ್ನು ತಿಂಗಳುಗಟ್ಟಲೆ ಉಪಚರಿಸಿ ಓದುವ ದೊಡ್ಡ ಪ್ರಯೋಗಾಲಯಗಳಿವೆ. ಶಾಖ ತಾಗಿದೆ ಎಂದು ಗೊತ್ತಿದ್ದರೆ ಅವರು ಬೇರೆ ರೀತಿಯಲ್ಲಿ ಮುಟ್ಟುತ್ತಾರೆ. ನಾನು ಸುಳ್ಳು ಹೇಳಿದರೆ ಆ ದಾರಿಯೂ ಮುಚ್ಚುತ್ತದೆ. ಮಧ್ಯಾಹ್ನವಿಡೀ ಮದುವೆಯ ಕ್ಯಾಸೆಟ್ಟೊಂದನ್ನು ತಿರುಗಲು ಬಿಟ್ಟು, ಅದರ ಮುಂದೆ ಸುಮ್ಮನೆ ಕೂತಿದ್ದೆ. ನಾಲ್ಕು ಗಂಟೆಗೆ ಆ ಹೆಂಗಸಿಗೆ ಫೋನು ಮಾಡಿ, ಬರಬೇಕು ಎಂದೆ.

ಬಂದರು. ಮುರಿದ ತುದಿಯನ್ನು ಬಿಳಿ ಕಾಗದದ ಮೇಲಿಟ್ಟು ತೋರಿಸಿದೆ. ನೋಡದೆ ಕಾಯಿಸಿದೆ, ತಪ್ಪು ನನ್ನದು, ಟೇಪಿನದಲ್ಲ ಎಂದೆ. ಪ್ರಯೋಗಾಲಯದ ವಿಷಯವನ್ನೂ ಹೇಳಿದೆ. ಅವರು ಕಾಗದವನ್ನೇ ನೋಡುತ್ತಿದ್ದರು.

‘ಅಲ್ಲಿಗೆ ಕಳಿಸಿದರೆ ಎಷ್ಟು ದಿನ?’

ಆರು ತಿಂಗಳು ಎಂದೆ, ಇನ್ನೂ ಹೆಚ್ಚಾಗಬಹುದು. ನನಗಿಂತ ಚೆನ್ನಾಗಿ ಮಾಡುತ್ತಾರೆ ಎಂದೂ ಹೇಳಿದೆ.

‘ಅಮ್ಮನಿಗೆ ಆರು ತಿಂಗಳಿಲ್ಲ’ ಎಂದರು. ಆಮೇಲೆ, ‘ಎಷ್ಟು ಸಿಗ್ತದೋ ಅಷ್ಟು ನೀವೇ ತೆಗೆಯಿರಿ’ ಎಂದರು. ಕ್ಷಮಿಸಿದೆ ಎನ್ನಲಿಲ್ಲ.

ಸುರುಳಿಯನ್ನು ಮುಚ್ಚಿದ ಡಬ್ಬಿಯಲ್ಲಿ, ಒದ್ದೆ ಸ್ಪಂಜಿನ ಪಕ್ಕ ತಾಗದಂತೆ ಮೂರು ದಿನ ಇಟ್ಟೆ. ತೇವ ಕುಡಿದು ಸ್ವಲ್ಪ ಮೆದುವಾಗಲಿ ಎಂದು. ನಾಲ್ಕನೆಯ ದಿನ ಯಂತ್ರದ ಎಳೆತವನ್ನು ತೀರ ಕಡಿಮೆ ಮಾಡಿ ಹಾಕಿದೆ. ಸುರುಟಿದ ಟೇಪು ಹೆಡ್ಡಿಗೆ ತಾಗುತ್ತಲೇ ಇರಲಿಲ್ಲ. ಹತ್ತಿಯ ಗ್ಲೌಸು ಹಾಕಿಕೊಂಡು ತೋರುಬೆರಳಿನಿಂದ ಅದನ್ನು ಹೆಡ್ಡಿಗೆ ಒತ್ತಿ ಹಿಡಿದು ಓಡಿಸಬೇಕಾಯಿತು. ಒತ್ತಿದರೆ ಮಾತು ಕೇಳುತ್ತದೆ, ಒಂದಿಷ್ಟು ಹೆಚ್ಚು ಒತ್ತಿದರೆ ಮುರಿಯುತ್ತದೆ. ಮುರಿದಲ್ಲಿ ನಿಲ್ಲಿಸಿ, ಎರಡು ತುದಿಗಳನ್ನು ಕೂಡಿಸಿ ಅಂಟುಪಟ್ಟಿ ಹಚ್ಚಿ, ಮತ್ತೆ ಓಡಿಸಬೇಕು. ಹೀಗೆ ಆರು ದಿನ. ಸಾಹೇಬರು ಬೇರೆ ಕೆಲಸ ಹೇಳಲಿಲ್ಲ. ಬಂದ ಗಿರಾಕಿಗಳನ್ನು ತಾವೇ ಸಂಭಾಳಿಸಿದರು.

ನಲವತ್ತು ನಿಮಿಷದ ಸುರುಳಿಯಿಂದ ನಾಲ್ಕು ನಿಮಿಷವೂ ಬರಲಿಲ್ಲ. ಉಳಿದದ್ದೆಲ್ಲ ಮರಳು ಸುರಿದಂತಹ ಸದ್ದು. ನಡುವೆ ಅಲ್ಲಲ್ಲಿ ಮಾತು. ಇಟ್ಟಿಗೆ ಭಟ್ಟಿಯೊಂದರಲ್ಲಿ ಮಲಗಿದ್ದು, ಅಲ್ಲಿ ಬೆಚ್ಚಗಿದ್ದದ್ದು. ಗೆಳೆಯನ ಕಾಲು ಬೂಟಿನೊಳಗೆ ಊದಿಕೊಂಡು, ಬೂಟನ್ನು ಚಾಕುವಿನಿಂದ ಸೀಳಿದ್ದು. ಆಮೇಲೆ, ಆರೆಂಟು ಕಡೆ ಮುರಿದು ಕೂಡಿಸಿದ ಒಂದು ತುಂಡು: ‘ನೀನು ನಡಿ, ನಾನು ಹಿಂದಿನ ಗಾಡಿಯಲ್ಲಿ ಬರ್ತೇನೆ ಅಂದ. ಹಿಂದೆ ಗಾಡಿ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಸೇತುವೆಯವರೆಗೆ ನಡೆದೆ.’

ಅದರ ಮುಂದಿನ ವಾಕ್ಯ ಬರುತ್ತಿದ್ದಾಗ ಟೇಪು ನನ್ನ ಬೆರಳಿನ ಕೆಳಗೆ ಮುರಿಯಲಿಲ್ಲ, ಪುಡಿಯಾಯಿತು. ಎರಡು ಅಂಗುಲ. ಆ ವೇಗದಲ್ಲಿ ಎರಡು ಅಂಗುಲವೆಂದರೆ ಅರ್ಧ ಸೆಕೆಂಡು. ಅದಕ್ಕೆ ಮೊದಲು ‘ಐ’ ಎಂಬ ಶಬ್ದ ಇತ್ತು, ಅದರ ನಂತರ ‘ಗೋ ಬ್ಯಾಕ್’. ನಡುವೆ ‘ಡಿಡ್’ ಇದ್ದಿರಬಹುದು, ‘ಡಿಡ್ ನಾಟ್’ ಇದ್ದಿರಬಹುದು. ತಿರುಗಿ ಹೋದೆ ಎಂದರೋ, ಹೋಗಲಿಲ್ಲ ಎಂದರೋ. ನಮ್ಮ ಭಾಷೆಯಾಗಿದ್ದರೆ ಇಲ್ಲ ಎಂಬುದು ಕೊನೆಯಲ್ಲಿ ಬರುತ್ತದೆ, ಇದ್ದರೆ ಉಳಿದಿರುತ್ತಿತ್ತು. ಅವರ ಭಾಷೆಯಲ್ಲಿ ಅದು ನಡುವೆ ಬರಬೇಕು, ಸರಿಯಾಗಿ ನನ್ನ ಬೆರಳಿದ್ದ ಜಾಗದಲ್ಲಿ. ಬ್ರಷ್ಷಿನಿಂದ ಪುಡಿಯನ್ನು ಗುಡಿಸಿ ಕಾಗದದಲ್ಲಿ ತೆಗೆದೆ. ಭೂತಗನ್ನಡಿಯಲ್ಲಿ ನೋಡಿ ಕೂಡಿಸಲು ಕೂತೆ. ಕಂದು ಬಣ್ಣದ ಪುಡಿ, ಅಷ್ಟೇ. ಅದರ ನಂತರ ಉಸಿರಾಟ ಮಾತ್ರ ಕೇಳಿತು. ಕೊನೆಯಲ್ಲಿ ಇನ್ನೊಂದು ಸ್ಪಷ್ಟ ಮಾತು: ‘ಅವಳು ಒಮ್ಮೆ ಕೇಳಿದಳು. ಆಗಲೇ ಹೇಳಬೇಕಿತ್ತು.’

ಮಗಳು ಬಂದು ಒಳಕೋಣೆಯಲ್ಲಿ ಕೂತು ಹೆಡ್‌ಫೋನು ಹಾಕಿಕೊಂಡರು. ಆ ನಾಲ್ಕು ನಿಮಿಷವನ್ನು ನಾಲ್ಕು ಸಲ ಹಾಕಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

‘ನನಗಿಂತ ನೀವು ಅವರನ್ನು ಹೆಚ್ಚು ಕೇಳಿದ್ದೀರಿ. ಹೋದರು ಅನ್ನಿಸ್ತದೋ, ಹೋಗಲಿಲ್ಲ ಅನ್ನಿಸ್ತದೋ?’

ಹೋದರು ಎನ್ನಬಹುದಿತ್ತು. ಬೆಟ್ಟದಲ್ಲಿ ಬಿಟ್ಟು ಹೋಗದ ಮನುಷ್ಯ ಇಲ್ಲಿ ಹೇಗೆ ಬಿಟ್ಟು ಹೋಗುತ್ತಾನೆ ಎನ್ನಬಹುದಿತ್ತು. ಆದರೆ ಬೆಟ್ಟದ ಮೇಲಿದ್ದಾಗ ಅವರ ಮೈಯಲ್ಲಿ ಮಾಂಸವಿತ್ತು, ಕಾಲಲ್ಲಿ ಬೂಟಿತ್ತು. ಒಂದೂವರೆ ವರ್ಷ ಹಸಿದ ಮೇಲೆ ಹಿಮದಲ್ಲಿ ಏನಾಗುತ್ತದೆಂದು ನನಗೇನು ಗೊತ್ತು?

‘ನನಗೆ ಗೊತ್ತಿಲ್ಲ’ ಎಂದೆ.

ಅವರು ತಲೆಯಾಡಿಸಿದರು. ಪೆನ್‌ಡ್ರೈವು ತೆಗೆದುಕೊಂಡರು, ಸುರುಳಿಗಳನ್ನು ತೆಗೆದುಕೊಂಡರು. ಪುಡಿ ಕಟ್ಟಿಟ್ಟ ಕಾಗದವನ್ನೂ ಕೇಳಿ ತೆಗೆದುಕೊಂಡು ಹೋದರು.

ಎರಡು ತಿಂಗಳ ನಂತರ ಆಸ್ಟ್ರೇಲಿಯದಿಂದ ಫೋನು ಬಂತು. ತಾಯಿಯನ್ನು ಮಣ್ಣು ಮಾಡಿ ಒಂದು ವಾರವಾಗಿದೆ ಎಂದರು. ನಾನು ಏನೋ ಸಮಾಧಾನದ ಮಾತು ಹೇಳಲು ಹೊರಟೆ. ಅವರು ಹೇಳುವುದನ್ನು ನಿಲ್ಲಿಸಲಿಲ್ಲ.

ತಾಯಿ ಮೊದಲ ಮೂರು ಸುರುಳಿಗಳನ್ನು ದಿನಕ್ಕೆ ಅರ್ಧರ್ಧ ಗಂಟೆಯಂತೆ ಕೇಳಿದಳಂತೆ. ಜಿಗಣೆಯ ಮಾತಿಗೆ ನಕ್ಕಳಂತೆ, ಅಣ್ಣ ಹಾಗೆಯೇ ಇದ್ದ ಎಂದಳಂತೆ. ನಾಲ್ಕನೆಯದು ಬಂದಾಗ ಮಗಳು, ಟೇಪು ಕೆಟ್ಟಿದೆ, ಆದರೆ ಅಪ್ಪ ತಿರುಗಿ ಹೋದರು, ಕೊನೆಯವರೆಗೂ ಜೊತೆಗಿದ್ದರು ಎಂದು ಹೇಳಿದರು. ದಾರಿಯುದ್ದಕ್ಕೂ ಯೋಚಿಸಿ ಇಟ್ಟುಕೊಂಡಿದ್ದ ಸುಳ್ಳು. ತಾಯಿ, ‘ಅವನ ಬಾಯಿಂದಲೇ ಕೇಳ್ತೇನೆ’ ಎಂದಳು. ಬೇಡವೆನ್ನಲು ಆಗಲಿಲ್ಲ. ಹಾಕಿದರು. ತಾಯಿ ಕಣ್ಣು ಮುಚ್ಚಿ ಕೇಳಿದಳು. ಸೇತುವೆಯ ಜಾಗವನ್ನು ಮತ್ತೆ ಹಾಕು ಎಂದಳು, ಮತ್ತೊಮ್ಮೆ ಹಾಕು ಎಂದಳು. ಆಮೇಲೆ, ‘ಹೋಗಲಿಲ್ಲ’ ಎಂದಳು.

ಅಲ್ಲಿ ಮಾತೇ ಇಲ್ಲ, ಟೇಪು ಪುಡಿಯಾಗಿದೆ ಎಂದು ಮಗಳು ಎಷ್ಟು ಹೇಳಿದರೂ ಅವಳು ಕೇಳಲಿಲ್ಲ. ಮಂಚದ ಪಕ್ಕದಲ್ಲಿದ್ದ ಗಂಡನ ಫೋಟೊವನ್ನು ತೆಗೆದುಬಿಡು ಎಂದಳು. ಸ್ಮಶಾನದಲ್ಲಿ ಗಂಡನ ಪಕ್ಕದ ಜಾಗವನ್ನು ನಲವತ್ತು ವರ್ಷಗಳಿಂದ ಅವಳಿಗಾಗಿಯೇ ಇಟ್ಟಿದ್ದರು. ಅಲ್ಲಿ ನನ್ನನ್ನು ಇಡಬೇಡ ಎಂದಳು. ಸಾಯುವವರೆಗೂ ಆ ಮಾತನ್ನು ಬದಲಿಸಲಿಲ್ಲ. ಮಗಳು ಅವಳನ್ನು ಬೇರೆ ಮೂಲೆಯಲ್ಲಿ, ಅವಳ ಅಪ್ಪ ಅಮ್ಮನ ಹತ್ತಿರ ಇಟ್ಟು ಬಂದರು.

ಇದನ್ನೆಲ್ಲ ಅವರು ಏರುಪೇರಿಲ್ಲದ ದನಿಯಲ್ಲಿ, ಟೇಪಿನಲ್ಲಿ ಅವರ ಅಪ್ಪ ಮಾತಾಡಿದಂತೆಯೇ ಹೇಳಿದರು. ನಾನು ಕೌಂಟರಿನ ಹಿಂದೆ ನಿಂತು ಕೇಳಿದೆ.

‘ಅಪ್ಪ ತಿರುಗಿ ಹೋಗಿದ್ದರೂ ಹೋಗಿರಬಹುದು’ ಎಂದರು ಕೊನೆಗೆ.

‘ಹೋಗಿರಬಹುದು’ ಎಂದೆ.

‘ಹೋದರೋ ಇಲ್ಲವೋ, ಅವರು ಅದನ್ನು ಟೇಪಿನಲ್ಲಿ ಹೇಳಿದ್ದರು.’

‘ಹೇಳಿದ್ದರು, ಮೇಡಂ’ ಎಂದೆ.